ನಿಯೋ ಸೋಲು

ಲಿಫ್ಟ್ ರಿಪೇರಿ ಕಂಪನಿಯ ದೂರು ವಿಭಾಗದಲ್ಲಿ ಹದಿನೇಳು ವರ್ಷ ಕಿಣಿಕಿಣಿಗುಟ್ಟಿದ ರಾಗವೊಂದು ಅವತ್ತು ಬೆಳಿಗ್ಗೆ ಹತ್ತಕ್ಕೆ ಕೊನೆಯುಸಿರೆಳೆಯಿತು. ಫೋನ್ ಮಾಡಿದವರ ಕಿವಿಗೆ ಸರದಿ ಬರುವವರೆಗೂ ಬೀಳುತ್ತಿದ್ದ ರಾಗ ಅದು. ಕೀಲಿ ಕೊಟ್ಟ ಆಟಿಕೆ ಕೋತಿ ತಮಟೆ ಬಡಿದ ಹಾಗಿತ್ತು. ಹೋದದ್ದಕ್ಕೆ ಯಾರೂ ಅಳಲಿಲ್ಲ.

"ಬೇರೆ ಏನಾದ್ರೂ ಹಾಕಯ್ಯ!" ಮ್ಯಾನೇಜರು ಗಾಜಿನ ಕೋಣೆಯಿಂದಲೇ ಕೂಗಿದರು. "ಸದ್ದಿಲ್ದೆ ಇದ್ರೆ ಜನ ಲೈನ್ ಕಟ್ಟಾಯ್ತು ಅಂತ ಮತ್ತೆ ಮತ್ತೆ ಮಾಡ್ತಾರೆ."

ಕೂಗಿದ್ದು ಒಂದ್ನಿಮಿಷನಿಗೆ. ಫೋನೆತ್ತಿದವರಿಗೆಲ್ಲ "ಒಂದ್ನಿಮಿಷ ಇರಿ" ಎಂದು ಹೇಳಿ ಹೇಳಿ ಅದೇ ಅವನ ಹೆಸರಾಗಿತ್ತು. ಅಪ್ಪ ಅಮ್ಮ ಇಟ್ಟ ಹೆಸರನ್ನು ಯಾರಾದರೂ ಕರೆದರೆ ಅವನು ಹಿಂದೆ ತಿರುಗಿ ನೋಡುತ್ತಿದ್ದ. ವಯಸ್ಸು ಐವತ್ತೆರಡು, ಮುಖವೋ ಒಗೆದು ಇಸ್ತ್ರಿ ಮರೆತ ಅಂಗಿಯ ಹಾಗೆ.

ಅವನ ಜೇಬಿನಲ್ಲಿ ಒಂದು ಹಳೆಯ ಮ್ಯೂಸಿಕ್ ಪ್ಲೇಯರ್, ಅದರೊಳಗೆ ಒಬ್ಬಳೇ ಗಾಯಕಿ. ಇಪ್ಪತ್ತೈದು ವರ್ಷದ ಹಿಂದೆ ಎರಡು ಆಲ್ಬಂ ಮಾಡಿ ಕಣ್ಮರೆಯಾದವಳು. ಅವಳ ಹಾಡಿನಲ್ಲಿ ಡ್ರಮ್ಮಿನ ಪೆಟ್ಟು ಬೀಳಬೇಕಾದ ಗಳಿಗೆಗಿಂತ ಕೂದಲೆಳೆಯಷ್ಟು ತಡವಾಗಿ ಬೀಳುತ್ತಿತ್ತು, ಇಡೀ ದಿನ ನಿಂತು ದುಡಿದವನು ಕುರ್ಚಿಗೆ ಒರಗಿದ ಹಾಗೆ. ದನಿ ಯಾರನ್ನೂ ಬೇಡುತ್ತಿರಲಿಲ್ಲ, ಯಾರಿಗೂ ಸಮಾಧಾನ ಹೇಳುತ್ತಲೂ ಇರಲಿಲ್ಲ. ಸುಮ್ಮನೆ ಪಕ್ಕದಲ್ಲಿ ಬಂದು ಕೂರುತ್ತಿತ್ತು. ಈ ಬಗೆಯ ಸಂಗೀತಕ್ಕೆ ನಿಯೋ ಸೋಲ್ ಎನ್ನುತ್ತಾರೆಂದು ಅವನು ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿದ್ದ.

"ಸೋಲಾ? ಅದಕ್ಕೇ ಮತ್ತೆ!" ಎಂದಿದ್ದಳು ಆಕೆ. "ಸೋತು ಸುಣ್ಣವಾದವ್ರ ಹಾಗೆ ಹಾಡ್ತಾಳೆ."

ಮಹಡಿ ಮೇಲಿನ ಮನೆಯವರು ಒಮ್ಮೆ ಇಳಿದು ಬಂದು, ಮನೆಯಲ್ಲಿ ಯಾರಾದರೂ ಹೋಗಿಬಿಟ್ಟರಾ ಎಂದು ಮೆಲ್ಲಗೆ ವಿಚಾರಿಸಿದ್ದರು. ಅವತ್ತಿನಿಂದ ಒಂದ್ನಿಮಿಷ ತನ್ನ ಪ್ರೀತಿಯನ್ನು ಇಯರ್‌ಫೋನಿನೊಳಗೆ ಬಚ್ಚಿಟ್ಟುಕೊಂಡಿದ್ದ. ಈ ಹಾಡು ಗೊತ್ತಿರುವ ಇನ್ನೊಂದು ನರಪಿಳ್ಳೆ ಅವನಿಗೆ ಸಿಕ್ಕಿರಲೇ ಇಲ್ಲ.

ಬೇರೆ ದಾರಿ ಕಾಣದೆ, ಅವಳದೊಂದು ಹಾಡು ಮತ್ತೆ ಮತ್ತೆ ಬರುವಂತೆ ಮಾಡಿ, ಪ್ಲೇಯರನ್ನು ಫೋನಿನ ಪೆಟ್ಟಿಗೆಗೆ ಚುಚ್ಚಿದ.

ಮೊದಲು ಸಿಕ್ಕಿದ್ದು ಒಬ್ಬ ದಂತವೈದ್ಯೆ. ಲಿಫ್ಟ್ ಮೂರನೇ ಸಲ ಕೆಟ್ಟಿದೆಯೆಂದು ಕೆಂಡ ಕಾರುತ್ತಿದ್ದವರನ್ನು ಅವನು ಅಭ್ಯಾಸಬಲದಿಂದ ಕಾಯಲು ಹಾಕಿದ. ಐದು ನಿಮಿಷ ಬಿಟ್ಟು ಮತ್ತೆ ಎತ್ತಿದಾಗ ಅತ್ತ ಕಡೆ ನಿಟ್ಟುಸಿರು ಕೇಳಿಸಿತು.

"ಅಯ್ಯೋ, ಯಾಕ್ರೀ ಎತ್ತಿದ್ರಿ?"

"ದೂರು ಬರ್ಕೊಳೋಕೆ ಮೇಡಂ."

"ಹಾಡು ಮುಗೀಲಿಲ್ವಲ್ಲ! ನಾನು ಹಾಸ್ಟೆಲಲ್ಲಿ ಇದನ್ನ ಕೇಳ್ಕೊಂಡೇ ಪರೀಕ್ಷೆಗೆ ಓದಿದ್ದು. ಪೇಷೆಂಟು ಬಾಯಿ ತೆರ್ಕೊಂಡು ಕೂತಿದಾರೆ, ಕೂತಿರ್ಲಿ. ವಾಪಸ್ ಹಾಕ್ರಿ."

ಒಂದ್ನಿಮಿಷ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ. ಕಾಲು ಶತಮಾನದ ಮೇಲೆ ತನ್ನ ಜಾತಿಯವರೊಬ್ಬರು! ಕಣ್ಣೊರೆಸಿಕೊಂಡು ಮತ್ತೆ ಕಾಯಲು ಹಾಕಿದ.

ಕಣ್ಣೊರೆಸಿದ್ದನ್ನು ಪಕ್ಕದ ಮೇಜಿನ ಬಿಡಿಭಾಗದಾಕೆ ನೋಡಿದಳು. ಲಿಫ್ಟಿನ ಬಿಡಿಭಾಗಗಳ ಪಟ್ಟಿ ಅವಳ ಸುಪರ್ದಿ. ಊರಿನ ಸುದ್ದಿಯ ಪಟ್ಟಿ ಅವಳ ಹವ್ಯಾಸ. ವಿಷಯ ತಿಳಿದು ತಂಗಿಗೆ ಹೇಳಿದಳು. "ನಂಗೇನೋ ಅದು ಆಕಳಿಸೋ ಬೆಕ್ಕಿನ ಹಾಗಿದೆ ಕಣೇ. ಆದ್ರೆ ಡಾಕ್ಟ್ರೇ ಕಾಯ್ಕೊಂಡು ಕೇಳ್ತಿದಾರೆ!" ತಂಗಿ ಹತ್ತು ಜನಕ್ಕೆ ಹೇಳಿದಳು. ಹನ್ನೆರಡರ ಹೊತ್ತಿಗೆ ಆರೂ ಲೈನುಗಳ ದೀಪ ಹತ್ತಿಕೊಂಡು ಆರಲೇ ಇಲ್ಲ.

"ನಿಮ್ಮ ಲಿಫ್ಟಿಗೇನಾಗಿದೆ ಸರ್?"

"ನಮ್ಮನೇಲಿ ಲಿಫ್ಟೇ ಇಲ್ರೀ. ಹಾಡು ಹಾಕಿ."

ಒಬ್ಬ ಕಾಲೇಜು ಹುಡುಗಿಯಂತೂ, "ಅಂಕಲ್, ನಾವು ಈಗ ಕೇಳೋ ಹಾಡೆಲ್ಲ ಇದ್ರ ಮೊಮ್ಮಕ್ಕಳು ಕಣ್ರೀ! ಅಜ್ಜಿ ಎಲ್ಲಿದ್ರು ಇಷ್ಟು ದಿನ?" ಎಂದಳು. ಅವನಿಗೆ ತಾನೇ ಹೆತ್ತು ಸಾಕಿದಷ್ಟು ಹೆಮ್ಮೆಯಾಯಿತು. ಆದರೆ ಸುಖಪಡುವ ಪುರಸೊತ್ತೆಲ್ಲಿ? ಎತ್ತಿದರೆ ಹಾಡು ನಿಲ್ಲಿಸಿದ್ದಕ್ಕೆ ಬೈಗಳು, ಎತ್ತದಿದ್ದರೆ ನಿಜವಾಗಿ ಲಿಫ್ಟು ಕೆಟ್ಟವರ ಶಾಪ. ಊರಿಗೆಲ್ಲ ಹಾಡು ಕೇಳಿಸಿದವನ ಕಿವಿಗೆ ಮಾತ್ರ ಒಂದು ಸಾಲೂ ಬೀಳಲಿಲ್ಲ. ಎಲ್ಲೋ ಲಿಫ್ಟಿನೊಳಗೆ ಮೂರನೇ ಮಹಡಿಯಲ್ಲಿ ಸಿಕ್ಕಿಕೊಂಡು ಹಾಡು ಕೇಳುತ್ತಿದ್ದ ನವದಂಪತಿಗಳು ಬಾಗಿಲು ತೆರೆದ ಮೆಕ್ಯಾನಿಕ್ಕಿಗೆ, "ಇನ್ನೆರಡು ನಿಮಿಷ ಬಿಟ್ಟು ಬಾರಪ್ಪ" ಅಂದರಂತೆ.

ಒಂದೂವರೆಗೆ ಬಂದ ಕರೆಯೊಂದರಲ್ಲಿ ಯಾರೋ ಭಾರವಾದ ದನಿಯಲ್ಲಿ, "ನಾನು ಕಣಯ್ಯ..." ಎಂದರು.

"ಒಂದ್ನಿಮಿಷ ಇರಿ," ಎಂದು ಸಾಲಿನ ತುದಿಗೆ ತಳ್ಳಿದ. ಆಮೇಲೆ ಅದು ಮರೆತೇಹೋಯಿತು.

ಎರಡೂವರೆಗೆ ಬಿಡಿಭಾಗದಾಕೆ ಕೇಳಿದಳು. "ಅಲ್ಲಾ, ಸಾಹೇಬ್ರು ಊಟಕ್ಕೆ ಅಂತ ಒಂದು ಗಂಟೆಗೇ ಹೋದ್ರು. ಮೊಬೈಲು ಮೇಜಿನ ಮೇಲೇ ಇದೆ. ಇಳಿಯೋಕೆ ನಮ್ಮ ಲಿಫ್ಟೇ ಹತ್ತಿದ್ರು, ಅಲ್ವಾ?"

ದೀಪದ ಬುಡದಲ್ಲೇ ಕತ್ತಲೆ. ಊರಿನ ಲಿಫ್ಟುಗಳನ್ನೆಲ್ಲ ನೋಡಿಕೊಳ್ಳುವ ಕಂಪನಿಯ ಸ್ವಂತ ಲಿಫ್ಟು ಎರಡು ಮಹಡಿಗಳ ನಡುವೆ ತ್ರಿಶಂಕುವಾಗಿತ್ತು. ಅದರೊಳಗಿನ ತುರ್ತು ಫೋನಿನ ಕರೆ ಬರುತ್ತಿದ್ದುದೂ ಇದೇ ಮೇಜಿಗೆ. ಒಂದ್ನಿಮಿಷನಿಗೆ ಆ ಭಾರವಾದ ದನಿ ಈಗ ನೆನಪಾಯಿತು. ಕಾಲಿನ ಕೆಳಗಿದ್ದ ನೆಲ ಲಿಫ್ಟಿನಂತೆಯೇ ಇಳಿಯಿತು.

ಮೆಕ್ಯಾನಿಕ್ಕುಗಳು ಸಲಾಕೆ ಹಾಕಿ ಬಾಗಿಲು ಮೀಟಿದರು. ಮ್ಯಾನೇಜರು ಹೊರಬಂದರು. ಬೆವರಿನಿಂದ ತೊಯ್ದ ಅಂಗಿ, ಕೆಂಪಗಾದ ಕಣ್ಣು.

"ಆ ಹಾಡು," ಎಂದರು ಅವರು ಬಹಳ ತಗ್ಗಿದ ದನಿಯಲ್ಲಿ, "ಯಾರದು?"

ಒಂದ್ನಿಮಿಷ ಕಣ್ಣು ಮುಚ್ಚಿದ. ನಿವೃತ್ತಿಗೆ ಇನ್ನೂ ಆರು ವರ್ಷವಿತ್ತು. ಈ ವಯಸ್ಸಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ?

"ನಂದಲ್ಲ ಸರ್. ಯಾರೋ ಕೊಟ್ರು, ಚುಚ್ಚಿದೆ. ನಂಗೆ ಈ ಥರದ ಹಾಡು ಕೇಳಿದ್ರೇ ಆಗಿಬರಲ್ಲ. ತಲೆನೋವು."

ಹೇಳಿದ ಮೇಲೆ ಬಾಯಲ್ಲಿ ತುಕ್ಕಿನ ರುಚಿ ಬಂತು. ಇಪ್ಪತ್ತೈದು ವರ್ಷ ಪಕ್ಕದಲ್ಲಿ ಬಂದು ಕೂತವಳನ್ನು ಒಂದೇ ಉಸಿರಿಗೆ ಹೊರಗೆ ಹಾಕಿದ್ದ.

"ಯಾರು ಕೊಟ್ಟಿದ್ದು?"

"ನಾನು ಸರ್," ಎಂದಳು ಬಿಡಿಭಾಗದಾಕೆ.

ಅವನು ಬೆಚ್ಚಿ ನೋಡಿದ. ತನಗೋಸ್ಕರ ಈ ಹೆಂಗಸು ತಲೆ ಕೊಡುತ್ತಿದ್ದಾಳಲ್ಲ ಎಂದು ಎದೆ ತುಂಬಿ ಬಂತು. ಇಷ್ಟು ದಿನ ಅವಳನ್ನು ಬಾಯಿಬಡುಕಿ ಎಂದುಕೊಂಡಿದ್ದಕ್ಕೆ ನಾಚಿಕೆಯೂ ಆಯಿತು.

ಮ್ಯಾನೇಜರು ಎರಡು ಹೆಜ್ಜೆ ಮುಂದೆ ಬಂದು ಅವಳಿಗೆ ಕೈ ಮುಗಿದರು.

"ಇಪ್ಪತ್ತೈದು ವರ್ಷ ಕಣಮ್ಮ! ಈ ಹಾಡು ಗೊತ್ತಿರೋ ಇನ್ನೊಬ್ಬರು ಸಿಗಲಿ ಅಂತ ಕಾದೆ. ನಮ್ಮನೇಲಿ ಇದನ್ನ ಹಾಕಿದ್ರೆ ನನ್ನಾಕೆ ಮಿಕ್ಸರ್ ಶುರು ಮಾಡ್ತಾಳೆ. ನೀನು ಇಲ್ಲೇ, ಹತ್ತು ಹೆಜ್ಜೆ ದೂರದಲ್ಲೇ ಕೂತಿದ್ಯಲ್ಲ! ಒಳಗೆ ಹನ್ನೊಂದು ಸಲ ಕೇಳಿದೆ. ಅತ್ತುಬಿಟ್ಟೆ."

ಒಂದ್ನಿಮಿಷನ ಬಾಯಿ ತೆರೆಯಿತು. "ಸರ್... ಅದು..."

"ನೀನ್ ಸುಮ್ನಿರಯ್ಯ. ನಿಂಗೆ ತಲೆನೋವು." ಮ್ಯಾನೇಜರು ಮತ್ತೆ ಅವಳತ್ತ ತಿರುಗಿದರು. "ಗೊತ್ತಲ್ಲ, ಇವತ್ತು ಸಂಜೆ ಪಕ್ಕದ ಊರಲ್ಲಿ ಅವಳು ಮತ್ತೆ ಹಾಡ್ತಿದಾಳೆ?"

ಅದು ಒಂದ್ನಿಮಿಷನಿಗೆ ಗೊತ್ತಿತ್ತು. ಟಿಕೆಟು ಬಿಟ್ಟ ದಿನ ಅವನು ಅರ್ಧ ದಿನ ರಜೆ ಹಾಕಿ ಕೂತಿದ್ದ. ಮೂರೇ ನಿಮಿಷದಲ್ಲಿ ಎಲ್ಲ ಖಾಲಿಯಾಗಿತ್ತು.

"ನನ್ನ ಹತ್ರ ಎರಡು ಟಿಕೆಟ್ ಇವೆ. ಒಂದು ದಂಡವಾಗ್ತಿತ್ತು. ಬರ್ತೀಯೇನಮ್ಮ?"

"ಖಂಡಿತ ಸರ್," ಎಂದಳು ಆಕೆ. ವ್ಯಾನಿಟಿ ಬ್ಯಾಗು ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿ ಒಂದ್ನಿಮಿಷನ ಕಿವಿಯಲ್ಲಿ ಪಿಸುಗುಟ್ಟಿದಳು. "ಹೊರಗೆ ಬರ್ತಾ ಸಾಹೇಬ್ರ ಬೆರಳು ತೊಡೆ ಮೇಲೆ ತಾಳ ಹಾಕ್ತಿತ್ತು ಕಣ್ರೀ. ನೀವು ನೋಡ್ಲಿಲ್ವಾ? ಎಷ್ಟು ಹೊತ್ತು ಹಾಡ್ತಾಳೆ ಅವಳು? ನಂಗೆ ಬೇಗ ನಿದ್ದೆ ಬರುತ್ತೆ."

ದಾರಿಯಲ್ಲಿ ಕೇಳಲಿಕ್ಕೆಂದು ಮ್ಯಾನೇಜರು ಪ್ಲೇಯರನ್ನೂ ಕಿತ್ತು ಜೇಬಿಗಿಳಿಸಿದರು. ಇಬ್ಬರೂ ಮೆಟ್ಟಿಲಿಳಿದು ಹೋದರು.

ಆರೂ ದೀಪಗಳು ಇನ್ನೂ ಉರಿಯುತ್ತಿದ್ದವು. ಒಂದ್ನಿಮಿಷ ಒಂದನ್ನು ಎತ್ತಿದ.

"ಹಾಡು ಯಾಕಪ್ಪ ನಿಂತುಹೋಯ್ತು?" ಯಾರೋ ಮುದುಕರ ದನಿ. "ಎಂಟನೇ ಮಹಡಿಯವನು ನಾನು. ಹಾಡಿಗೋಸ್ಕರವೇ ಮುಕ್ಕಾಲು ಗಂಟೆಯಿಂದ ಫೋನು ಹಿಡ್ಕೊಂಡಿದೀನಿ."

ಅವನು ಅತ್ತಿತ್ತ ನೋಡಿದ. ಮೆಕ್ಯಾನಿಕ್ಕುಗಳು ಲಿಫ್ಟಿನ ಹತ್ತಿರವೇ ಇದ್ದರು, ಇಲ್ಲಿ ಯಾರೂ ಇರಲಿಲ್ಲ. ಫೋನನ್ನು ಬಾಯಿಗೆ ಹತ್ತಿರ ಹಿಡಿದು, ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರಿಗೆ ಕೇಳಿಸುವಂತೆ, ಆ ಹಾಡಿನ ಪಲ್ಲವಿಯನ್ನು ಪೂರ್ತಿ ಹಾಡಿದ.

ಅತ್ತ ಕಡೆ ಒಂದು ಕೆಮ್ಮು ಕೇಳಿಸಿತು.

"ಆಯ್ತು ಬಿಡಪ್ಪ," ಎಂದರು ಮುದುಕರು ಕೊನೆಗೆ. "ಲಿಫ್ಟು ಕೆಟ್ಟಿದೆ. ಬರ್ಕೋ."