ಆಳು ನೋಡಿಕೊಳ್ಳುವ ಕೆಲಸ

ಜಾತಕದಲ್ಲಿ ಶನಿ ಯಾವ ಮನೆಯಲ್ಲಿದ್ದರೆ ಮನುಷ್ಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಎಚ್.ಆರ್. ಮ್ಯಾನೇಜರ್ ಆಗುತ್ತಾನೆ ಎಂಬುದನ್ನು ನಾನು ಯಾವ ಜೋಯಿಸರ ಬಳಿಯೂ ಕೇಳಿಲ್ಲ. ಕೇಳಿ ಪ್ರಯೋಜನವೂ ಇಲ್ಲ, ಆಗಿಹೋಗಿದೆ. ಬೇರೆ ಕೆಲಸದವರಿಗೆ ಒಂದು ನೆಮ್ಮದಿ ಉಂಟು. ಬಡಗಿ ಸಂಜೆ ಬಿಟ್ಟುಹೋದ ಕುರ್ಚಿ ಬೆಳಿಗ್ಗೆ ಬಂದಾಗಲೂ ಅಲ್ಲೇ ಇರುತ್ತದೆ. ನನ್ನ ಸಂಪನ್ಮೂಲಕ್ಕೆ ಕಾಲುಗಳಿವೆ. ಸಂಜೆ ನಗುತ್ತ "ಬತ್ತೀವಿ ಸಾ" ಎಂದು ಹೋದದ್ದು ಬೆಳಿಗ್ಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೈಸೂರಿನಲ್ಲಿ ಎಂ.ಎಸ್.ಡಬ್ಲ್ಯೂ. ಮುಗಿಸಿ ಶ್ರೀರಂಗಪಟ್ಟಣದ ಹೊರಗಿನ ಅಂಗಿ ಹೊಲಿಯುವ ಕಾರ್ಖಾನೆಗೆ ಸೇರಿದಾಗ, ಹೊಸಹೊಳಲಿನಲ್ಲಿ ನಮ್ಮಪ್ಪನಿಗೆ ನನ್ನ ಹುದ್ದೆಯನ್ನು ವಿವರಿಸಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಮಾನವ ಸಂಪನ್ಮೂಲ, ನೇಮಕಾತಿ, ತರಬೇತಿ, ಪ್ರೇರಣೆ ಎಂದೆಲ್ಲ ಹೇಳಿದೆ. ಎತ್ತಿನ ಮೈ ಉಜ್ಜುತ್ತಿದ್ದ ಅಪ್ಪ ಕೈ ನಿಲ್ಲಿಸದೆ, "ಅಂದ್ರೆ ಆಳು ನೋಡ್ಕಳೋ ಕೆಲ್ಸ ಅನ್ನು. ಅದ್ಕೆ ಇಷ್ಟು ಓದ್ಬೇಕಾಗಿತ್ತೇನ್ಲಾ?" ಎಂದರು. ನನಗೆ ಭಾರಿ ಅವಮಾನವಾಯಿತು. ಊಟಕ್ಕೆ ಮಾತ್ರ ತಪ್ಪದೆ ಕೂತೆ.

ನಮ್ಮ ಕಾರ್ಖಾನೆಯ ಜೀವವಿದ್ದದ್ದು ಕಾಲರ್ ಕೂರಿಸುವ ಲೈನಿನಲ್ಲಿ. ಆ ಲೈನಿನ ಹೆಂಗಸರೆಲ್ಲ ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆಯವರು. ಸಿದ್ದೇಗೌಡ ಎಂಬಾತ ತನ್ನ ವ್ಯಾನಿನಲ್ಲಿ ಅವರನ್ನು ತುಂಬಿಕೊಂಡು, ಹಾಡು ಹಾಕಿಕೊಂಡು, ಪಾಂಡವಪುರದ ಮೇಲೆ ಕರೆತರುತ್ತಿದ್ದ. ಆ ವ್ಯಾನು ಹೊತ್ತಿಗೆ ಸರಿಯಾಗಿ ಬಂದ ದಿನ ನನಗೆ ನೆನಪಿಲ್ಲ. ಕಾರಣ ಹಾಲಿನ ಡೇರಿ. ಆ ಹೆಂಗಸರು ಬೆಳಿಗ್ಗೆ ಹಸು ಕರೆದು, ಡೇರಿ ಮುಂದೆ ಸಾಲಿನಲ್ಲಿ ನಿಂತು, ಹಾಲು ಹಾಕಿದ ಮೇಲೆಯೇ ವ್ಯಾನು ಹತ್ತುವುದು. ಡೇರಿಯ ಸೆಕ್ರೆಟರಿ ತಡವಾಗಿ ಎದ್ದರೆ ವ್ಯಾನು ತಡ. ಯಾರದೋ ಹಸು ಹಾಲು ಕೊಡಲು ಸತಾಯಿಸಿದರೂ ವ್ಯಾನು ತಡ. ಸಿದ್ದೇಗೌಡ ಬೀಡಿ ಸೇದುತ್ತ ಕೊನೆಯ ಹೆಂಗಸು ಬರುವವರೆಗೂ ಕಾಯುತ್ತಿದ್ದ. ಒಟ್ಟಿನಲ್ಲಿ ಇಂಗ್ಲೆಂಡಿನ ಯಾವನೋ ಪುಣ್ಯಾತ್ಮನ ಅಂಗಿಗೆ ಕಾಲರು ಬೀಳುವುದು ದೇವಲಾಪುರದ ಹಸುಗಳ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. ಹೇಗೋ ನಡೆಯುತ್ತಿತ್ತು. ಹೇಗೋ ನಡೆಯುತ್ತಿರುವುದನ್ನು ಮುಟ್ಟಬಾರದು ಎಂಬ ಬುದ್ಧಿ ನನಗಿರಲಿಲ್ಲ.

ಅಷ್ಟರಲ್ಲಿ ಹೆಡ್ ಆಫೀಸಿನವರು ನಮ್ಮನ್ನೆಲ್ಲ ಬೆಂಗಳೂರಿನ ತಣ್ಣನೆಯ ಹೋಟೆಲಿಗೆ ಕರೆಸಿ, ಬದಲಾಗುತ್ತಿರುವ ವ್ಯಾಪಾರ ಪರಿಸರದಲ್ಲಿ ಮಾನವ ಸಂಪನ್ಮೂಲ ನಿರ್ವಹಣೆ ಎಂಬ ತರಬೇತಿ ಕೊಟ್ಟರು. ಪಾಠ ಹೇಳಿದ ಯುವಕ ಬದಲಾವಣೆ ಎಂಬ ಮಾತನ್ನು ಎಷ್ಟು ಸಲ ಅಂದನೆಂದರೆ, ಹಿಂದಿರುಗುವಾಗ ನನಗೆ ಸುಮ್ಮನೆ ಕೂರಲು ಭಯವಾಗತೊಡಗಿತು. ಏನಾದರೂ ಬದಲಾಯಿಸಲೇಬೇಕಿತ್ತು. ಕಣ್ಣಿಗೆ ಬಿದ್ದದ್ದು ಸಿದ್ದೇಗೌಡನ ವ್ಯಾನು. ಅದನ್ನು ಬಿಡಿಸಿ, ಒಂದು ಬಸ್ಸು ತರಿಸಿದೆ. ಅದರಲ್ಲಿ ಕ್ಯಾಮೆರಾ ಇತ್ತು, ಅದು ಎಲ್ಲಿದೆ ಎಂದು ನನ್ನ ಫೋನಿನಲ್ಲಿ ಕಾಣುತ್ತಿತ್ತು, ಮೇನ್ ರೋಡಿನಲ್ಲಿ ಹೇಳಿದ ನಿಮಿಷಕ್ಕೆ ನಿಂತು ಹೇಳಿದ ನಿಮಿಷಕ್ಕೆ ಹೊರಡುತ್ತಿತ್ತು. ಸಿದ್ದೇಗೌಡ ಬಂದು ಬಸ್ಸನ್ನು ಸುತ್ತು ಹಾಕಿ ನೋಡಿದ. "ಗಾಡಿ ಚೆನ್ನಾಗೈತೆ ಸಾ. ಹಾಲಾಕೋಗಂಟ ಕಾಯ್ತದಾ?" ಎಂದು ಕೇಳಿದ.

"ಕಾಲ ಯಾರನ್ನೂ ಕಾಯೋದಿಲ್ಲ ಸಿದ್ದೇಗೌಡ" ಎಂದೆ. ಇಂಥ ಮಾತು ನನ್ನ ಬಾಯಲ್ಲಿ ಬಂತಲ್ಲ ಎಂದು ಅವತ್ತೆಲ್ಲ ಹೆಮ್ಮೆಪಟ್ಟೆ.

ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಒಳಗೆ ಡ್ರೈವರ್ ಒಬ್ಬನೇ ಇದ್ದ. ಯಾವುದೋ ಹಬ್ಬವಿರಬೇಕು ಎಂದುಕೊಂಡೆ. ಮರುದಿನವೂ ಅವನೊಬ್ಬನೇ ಬಂದ. ಆಮೇಲೆ ತಿಳಿಯಿತು, ಸಿದ್ದೇಗೌಡ ಮೈಸೂರಿನ ಕಡೆಯ ಇನ್ನೊಂದು ಗಾರ್ಮೆಂಟ್ಸಿಗೆ ವ್ಯಾನು ಬಿಟ್ಟಿದ್ದ, ಹೆಂಗಸರು ಎಂದಿನಂತೆ ಹಾಲು ಹಾಕಿ ಎಂದಿನ ವ್ಯಾನು ಹತ್ತಿದ್ದರು. ಜಗಳವಿಲ್ಲ, ರಾಜೀನಾಮೆಯಿಲ್ಲ. ನಮ್ಮ ಕಡೆಯ ಹೆಂಗಸರು ಕಂಪನಿಗೆ ಸೇರುವುದಿಲ್ಲ, ವ್ಯಾನಿಗೆ ಸೇರುತ್ತಾರೆ ಎಂಬುದು ತಣ್ಣನೆಯ ಹೋಟೆಲಿನ ಯುವಕನಿಗೆ ಗೊತ್ತಿರಲಿಲ್ಲ, ಸರಿ. ಇದೇ ನೀರು ಕುಡಿದು ಬೆಳೆದ ನನಗಾದರೂ ಗೊತ್ತಿರಬೇಡವೆ? ಕಾಲರಿಲ್ಲದ ಅಂಗಿಗಳು ಕುತ್ತಿಗೆ ಕೊಯ್ದ ಕೋಳಿಗಳಂತೆ ರಾಶಿ ಬಿದ್ದವು. ತಿಂಗಳ ಕೊನೆಯೊಳಗೆ ಲೈನು ಓಡದಿದ್ದರೆ ಲೈನೂ ಇರುವುದಿಲ್ಲ, ನೀವೂ ಇರುವುದಿಲ್ಲ ಎಂದು ಬೆಂಗಳೂರಿನಿಂದ ಫೋನು ಬಂತು. ನನಗೆ ನಿಜವಾಗಿಯೂ ಅಳು ಬಂತು. ಆದರೆ ನನ್ನ ಕ್ಯಾಬಿನ್ನಿಗೆ ನಾಲ್ಕು ಕಡೆಯೂ ಗಾಜು, ಅಳುವುದಾದರೂ ಹೇಗೆ. ಪಾಂಡವಪುರದ ಮನೆಗೆ ಬಂದು ಹೆಂಡತಿಗೆ ಹೇಳಿಕೊಂಡರೆ, "ಒಂದು ಬೆಕ್ಕು ಸಾಕಿದ್ರಿ, ಅದೇ ಪಕ್ಕದ್ಮನೆ ಸೇರ್ಕೊಂಡ್ತು. ಅಷ್ಟು ಜನ ಹೆಂಗಸ್ರು ಇಷ್ಟು ದಿನ ಇದ್ದಿದ್ದೇ ಹೆಚ್ಚು ಬುಡಿ" ಎಂದು ಸಮಾಧಾನ ಮಾಡಿದಳು.

ಬಿಟ್ಟುಹೋದವರನ್ನು ಕಂಡು ಕಾರಣ ಕೇಳಿ, ಒಲಿಸಿ, ಸಿದ್ದೇಗೌಡನ ವ್ಯಾನು ಬಿಡಿಸಿ ನಮ್ಮ ಬಸ್ಸಿಗೇ ಹತ್ತಿಸಿಕೊಂಡು ಬರಬೇಕೆಂದು ಹೆಡ್ ಆಫೀಸಿನ ಅಪ್ಪಣೆಯಾಯಿತು. ಭಾನುವಾರ ಸಿದ್ದೇಗೌಡನ ಊರಿಗೆ ಹೋದೆ. ಊರು ಹೊಕ್ಕರೆ ಶಾಮಿಯಾನ, ಮಸಾಲೆಯ ಘಮ. ಅವನ ಮಗಳ ಮದುವೆಯ ಬೀಗರೂಟ ಅಂದೇ ಇತ್ತು. ನನ್ನ ಇಡೀ ಕಾಲರ್ ಲೈನು ರೇಷ್ಮೆ ಸೀರೆ ಉಟ್ಟು ಅಲ್ಲಿ ಕೂತಿತ್ತು. ನಾನು ಬಾಯಿ ತೆರೆಯುವ ಮೊದಲೇ ಸಿದ್ದೇಗೌಡ ಓಡಿಬಂದು ಕೈ ಹಿಡಿದುಕೊಂಡ. "ಕರೀಲಿಲ್ಲ ಅಂತ ಬ್ಯಾಸ್ರ ಮಾಡ್ಕಳ್ದಂಗೆ ಬಂದ್ಬುಟ್ರಲ್ಲ ಸಾ, ದೊಡ್ಡ ಮನ್ಸ ನಿಮ್ದು. ಮದ್ಲು ಊಟ." ಬೀಗರೂಟದಲ್ಲಿ ಎಲೆಯ ಮುಂದೆ ಕೂತವನು ಬೇಡ ಎನ್ನುವ ಹಾಗಿಲ್ಲ. ಮುದ್ದೆ ಬಿತ್ತು, ಬಾಡು ಬಿತ್ತು, ಬೇಡವೆಂದಷ್ಟೂ ಮತ್ತೆ ಬಿತ್ತು. ಒಬ್ಬನ ಮಗಳ ಬೀಗರೂಟ ಉಂಡು, ಕೈ ತೊಳೆದ ನೀರು ಆರುವ ಮೊದಲೇ ಅವನ ಹೊಟ್ಟೆಯ ಮೇಲೆ ಹೊಡೆಯುವ ಮಾತಾಡಲು ನಾನು ಎಷ್ಟು ಎಂ.ಎಸ್.ಡಬ್ಲ್ಯೂ. ಓದಿದ್ದರೂ ಆಗುತ್ತಿರಲಿಲ್ಲ. ಲೈನಿನ ಹಿರಿಯಳಾದ ಮಂಗಳಮ್ಮ ಎಲೆ ಅಡಿಕೆ ಕೊಡುತ್ತ ತಾನಾಗಿಯೇ ಅಂದಳು, "ನಿಮ್ ಮೇಲೆ ಏನೂ ಕ್ವಾಪ ಇಲ್ಲ ಸಾ. ಹಸ ಕಟ್ಕಂಡೋರು ನಾವು, ಹಾಲಾಕ್ದೆ ಎಂಗ್ ಬರನ?" ನಾನು ಮದುಮಗಳಿಗೆ ಮುಯ್ಯಿ ಮಾಡಿ, ತೇಗುತ್ತ ಬರಿಗೈಯಲ್ಲಿ ಮನೆಗೆ ಬಂದೆ.

ತಿಂಗಳ ಕೊನೆಗೆ ಲೈನು ಮುಚ್ಚಿತು, ನನ್ನನ್ನೂ ಕಳಿಸಿದರು. ಕೆಲಸ ಹೋದವನಿಗೆ ಬೆಳಗಿನ ಹೊತ್ತು ಬಹಳ ಉದ್ದ. ಜಗಲಿಯ ಮೇಲೆ ಕೂತು, ಸಿದ್ದೇಗೌಡನ ವ್ಯಾನು ಹಾಡು ಹಾಕಿಕೊಂಡು ಹೋಗುವುದನ್ನು ದಿನವೂ ನೋಡುತ್ತಿದ್ದೆ. ಒಂದು ದಿನ ಅದು ನಮ್ಮ ಮನೆ ಮುಂದೆ ನಿಂತಿತು. "ನಮ್ ಕಂಪ್ನೀಲಿ ಎಚ್ಚಾರ್ ಬೇಕಂತೆ ಸಾ. ನಾನು ಏಳಿವ್ನಿ. ನಾಳಿಕ್ಕೆ ರೆಡಿಯಾಗಿರಿ" ಎಂದ ಸಿದ್ದೇಗೌಡ. ನಾನು ನೇಮಕ ಮಾಡುತ್ತಿದ್ದವನು, ನನ್ನ ನೇಮಕ ಹೀಗೆ ರಸ್ತೆಯಲ್ಲಿ, ಇಂಜಿನ್ ಆಫ್ ಮಾಡದೆ ಮುಗಿದುಹೋಯಿತು.

ಮರುದಿನ ಇಸ್ತ್ರಿ ಮಾಡಿದ ಅಂಗಿ ಸಿಗದೆ ನಾನೇ ತಡಮಾಡಿದೆ. ಓಡಿಬಂದು ನೋಡಿದರೆ ವ್ಯಾನು ನಿಂತೇ ಇತ್ತು. ಏದುಸಿರು ಬಿಡುತ್ತ ಹತ್ತಿದವನಿಗೆ ಮಂಗಳಮ್ಮ ಜಾಗ ಬಿಟ್ಟು, "ನಿಧಾನುಕ್ಕೆ ಬನ್ನಿ ಸಾ, ಕಾಯ್ತೀವಿ" ಎಂದಳು. ನನ್ನ ಬಸ್ಸಾಗಿದ್ದರೆ ಯಾವಾಗಲೋ ಹೊರಟುಹೋಗಿರುತ್ತಿತ್ತು.

ಹೊಸ ಕಂಪನಿಯ ಮಾಲೀಕರು ಕಾಫಿ ತರಿಸಿಕೊಟ್ಟು ಆದರದಿಂದ ಮಾತಾಡಿದರು. ನನಗೆ ಕೊಟ್ಟ ಮೊದಲನೆಯ ಕೆಲಸ, ದಿನಾ ತಡವಾಗಿ ಬರುವ ದೇವಲಾಪುರದ ವ್ಯಾನಿಗೆ ಒಂದು ಗತಿ ಕಾಣಿಸುವುದು. ಸಂಜೆ ಸಿದ್ದೇಗೌಡ ಕನ್ನಡಿಯಲ್ಲಿ ನನ್ನನ್ನು ನೋಡುತ್ತ, "ಏನ್ ಕೆಲ್ಸ ಕೊಟ್ರು ಸಾ?" ಎಂದು ಕೇಳಿದ. ವ್ಯಾನಿನ ತುಂಬ ಹೆಂಗಸರು ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಏನಿಲ್ಲ ಕಣಪ್ಪ" ಎಂದೆ. "ಆಳು ನೋಡ್ಕೊಳ್ಳೋದು."