ಕುಂಕುಮ ಹಚ್ಚಿದ ಬ್ಯಾಟರಿ

ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಮನೆಯ ಮಿಕ್ಸರು, ಬಿಲ್ಡಿಂಗಿನ ನೀರಿನ ಪಂಪು, ಎಲ್ಲವೂ ನನ್ನ ಕೈಯ ರುಚಿ ಕಂಡಿವೆ. "ನೀವು ಸುಮ್ಮನ ಕೂತಿದ್ರ ಅದ ದೊಡ್ಡ ಉಪಕಾರ ಆಗ್ತದ" ಎಂದು ಧಾರವಾಡದವಳಾದ ನನ್ನ ಹೆಂಡತಿ ಹೇಳುತ್ತಲೇ ಇರುತ್ತಾಳೆ. ಅದನ್ನೆಲ್ಲ ನಕ್ಕು ಮರೆತಿದ್ದೇನೆ. ಆದರೆ ಆ ಸ್ನೋ ಸ್ಕೂಟರಿನ ವಿಷಯ ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಮುಂಬಯಿಯ ಅಂಧೇರಿಯಲ್ಲಿ ಸಿನಿಮಾ ಶೂಟಿಂಗಿಗೆ ಸಾಮಾನು ಬಾಡಿಗೆ ಕೊಡುವ ಗೋಡೌನಿಗೆ ನಾನು ಮ್ಯಾನೇಜರು. ಬೆವರು ಒರೆಸಿಕೊಳ್ಳುವುದರಲ್ಲೇ ಆಯುಷ್ಯ ಕಳೆಯುವ ಈ ಊರಿಗೆ ಹಿಮದ ಮೇಲೆ ಓಡುವ ಗಾಡಿಯೊಂದು ಬಂತು. ನಮ್ಮ ಮೆಕ್ಯಾನಿಕ್, ವಿಜಾಪುರದ ಇಸ್ಮಾಯಿಲ್, ಎರಡು ದಿನ ಕೂತು ಅದಕ್ಕೆ ಹೆಡ್‌ಲೈಟು, ಹಾರ್ನು, ಹಿಡಿಕೆ ಬೆಚ್ಚಗಾಗುವ ತಂತಿ ಎಲ್ಲ ಜೋಡಿಸಿದ. ಬೆಚ್ಚಗಿನ ಹಿಡಿಕೆ, ಅದೂ ಅಂಧೇರಿಯಲ್ಲಿ! ಮರುದಿನ ಆಯುಧ ಪೂಜೆ. ನಾನು ಭಕ್ತಿಯಿಂದ ಹೊಸ ಬ್ಯಾಟರಿಯ ಎರಡೂ ಟರ್ಮಿನಲ್ಲುಗಳಿಗೆ ಧಾರಾಳವಾಗಿ ಕುಂಕುಮ ಮೆತ್ತಿದೆ. ಮಧ್ಯಾಹ್ನದ ನಮಾಜಿಗೆ ಹೊರಟ ಇಸ್ಮಾಯಿಲ್, "ಸಾಹೇಬ್ರ, ಬ್ಯಾಟರಿ ನಾ ಬಂದು ಜೋಡಸ್ತೀನಿ, ನೀವು ಕೈ ಹಚ್ಚಬ್ಯಾಡ್ರಿ" ಎಂದ. ಹಾಗೆನ್ನದಿದ್ದರೆ ಬಹುಶಃ ಕೈ ಹಚ್ಚುತ್ತಿರಲಿಲ್ಲ. ಕೆಂಪು ತಂತಿ ಕೆಂಪಿಗೆ ಎಂಬುದು ಮಕ್ಕಳಿಗೂ ಗೊತ್ತು. ನೋಡಿದರೆ ಎರಡೂ ಕೆಂಪು! ಪ್ಲಸ್ಸು ಮೈನಸ್ಸು ಎಲ್ಲ ನನ್ನ ಭಕ್ತಿಯಡಿ ಮುಚ್ಚಿಹೋಗಿದ್ದವು. ಹತ್ತಿರವಿದ್ದುದಕ್ಕೆ ಸಿಕ್ಕಿಸಿದೆ. ಪಟ್ ಎಂದಿತು, ಹೊಗೆ ಎದ್ದಿತು.

ವಾಸನೆಗೆ ಗೋಡೌನಿನ ಮಾಲೀಕರಾದ ಸೇಠರು ಓಡಿಬಂದರು. ಯಾರು ಮಾಡಿದ್ದೆಂದು ಕೇಳಿದರು. "ವೈರಿಂಗ್ ಇಸ್ಮಾಯಿಲ್ ಕಾ ಹೈ", ವೈರಿಂಗ್ ಇಸ್ಮಾಯಿಲನದು, ಎಂದೆ. ಒಂದಕ್ಷರ ಸುಳ್ಳಿಲ್ಲ, ಅದಕ್ಕೇ ಅಷ್ಟು ಹೊಲಸು ಮಾತು. ಆಗ ತಾನೇ ಟೊಪ್ಪಿಗೆ ಮಡಚುತ್ತ ಒಳಬಂದ ಇಸ್ಮಾಯಿಲನಿಗೆ ಸೇಠರು, ನಾಳೆಯಿಂದ ಬರಬೇಡ ಎಂದುಬಿಟ್ಟರು. ಹನ್ನೆರಡು ವರ್ಷ ದುಡಿದವನು!

ಅವನು ಜಗಳಾಡಲಿಲ್ಲ. ಬಟ್ಟೆ ತೆಗೆದುಕೊಂಡು ಕುಂಕುಮವನ್ನು ಮೆಲ್ಲಗೆ ಒರೆಸಿದ. ಕೆಂಪು ತಂತಿಯ ಬುಡದಲ್ಲಿ ಮೈನಸ್ ಗುರುತು ಕಂಡಿತು. ಆಮೇಲೆ ಇನ್ನೂ ಕೆಂಪಗಿದ್ದ ನನ್ನ ಬೆರಳು ನೋಡಿದ. ಥೂ, ನನ್ನ ಬಾಳಿಗಿಷ್ಟು! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಸೇಠ್, ಮೈನೇ ಕಿಯಾ, ನಾನೇ ಮಾಡಿದ್ದು" ಎಂದು ಎರಡೆರಡು ಭಾಷೆಯಲ್ಲಿ ತೊದಲಿದೆ. ಸೇಠರು ಕುಂಕುಮದ ಬಟ್ಟೆ ನೋಡಿ ಬಿದ್ದು ಬಿದ್ದು ನಕ್ಕರು. ಆ ನಗುವಿಗಿಂತ ನನ್ನನ್ನೇ ಕೆಲಸದಿಂದ ತೆಗೆದಿದ್ದರೆ ಚೆನ್ನಾಗಿತ್ತು.

ಇಸ್ಮಾಯಿಲ್ ಉಳಿದ. ಈಗ ಪ್ರತಿ ಆಯುಧ ಪೂಜೆಗೂ ಪಕ್ಕದಲ್ಲೇ ನಿಂತು, "ಇಲ್ಲಿ ಹಚ್ರಿ ಸಾಹೇಬ್ರ, ಅಲ್ಲಿ ಬ್ಯಾಡ್ರಿ" ಎಂದು ತೋರಿಸುತ್ತಾನೆ. ಪುರೋಹಿತರ ಮಾತನ್ನೂ ಕೇಳದ ನಾನು, ಅವನು ತೋರಿಸಿದಲ್ಲಿ ಒಂದೇ ಒಂದು ಬೊಟ್ಟಿಟ್ಟು ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತೇನೆ.