ಎಡಗಾಲಿಗಾಗಿ ಹುಟ್ಟಿದ ಮಗ

ನನ್ನ ನಡಿಗೆಯ ಬಗ್ಗೆ ನನಗೆ ಮೊದಲಿನಿಂದಲೂ ವಿಪರೀತ ಹೆಮ್ಮೆ. ಅತ್ತಿಗುಪ್ಪೆಯ ನಮ್ಮ ಮನೆಯಿಂದ ಆರ್‌ಪಿಸಿ ಲೇಔಟಿನ ಪಾರ್ಕಿಗೆ ಹನ್ನೆರಡು ನಿಮಿಷ. ನಿವೃತ್ತನಾದ ಮೇಲೂ ಅದನ್ನು ಹದಿಮೂರಾಗಲು ಬಿಟ್ಟವನಲ್ಲ. ಹೀಗಿರುವಾಗ ಹೋದ ವರ್ಷ ನನ್ನ ಎಡಗಾಲು ಯಾವ ನೋಟಿಸನ್ನೂ ಕೊಡದೆ ಮುಷ್ಕರ ಹೂಡಿತು. ಇನ್ನೂರು ಹೆಜ್ಜೆ ಹಾಕಿದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಎರಡು ನಿಮಿಷ ನಿಂತರೆ ಬಿಟ್ಟುಬಿಡುತ್ತಿತ್ತು. ನಿಂತರೆ ಹೋಗುವ ನೋವೂ ಒಂದು ನೋವೇ? ಹೆಂಡತಿಗೆ ತಿಳಿಸುವ ಅಗತ್ಯವಿಲ್ಲವೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು. ಸಭೆಯಲ್ಲಿ ನಾನೊಬ್ಬನೇ ಇದ್ದೆ.

ಆದರೆ ರಸ್ತೆಯಲ್ಲಿ ಸುಮ್ಮನೆ ನಿಲ್ಲುವುದು ಹೇಗೆ? ಮೊದಲ ನಿಲುಗಡೆಯಲ್ಲಿ ತರಕಾರಿ ಗಾಡಿಯಿತ್ತು. ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿ ಕಾಲ ಕಳೆಯಬಹುದಿತ್ತು. ಎರಡನೆಯದು ಮಾತ್ರ ಸರಿಯಾಗಿ ಒಂದು ಹಸಿರು ಗೇಟಿನ ಮುಂದೆ ಬೀಳುತ್ತಿತ್ತು. ನಾಲ್ಕು ದಿನ ಆ ಮನೆಯನ್ನೇ ದಿಟ್ಟಿಸುತ್ತಾ ನಿಂತೆ. ಐದನೆಯ ದಿನ ಮನೆಯೊಡತಿ ಜಯಮ್ಮ ಹೊರಗೆ ಬಂದರು.

"ಯಾರು ಬೇಕಿತ್ತು ಸಾರ್? ದಿನಾ ಬಂದು ನಿಂತ್ಕೊಂತೀರಲ್ಲ?"

'ಕಾಲು ನೋವು' ಎಂಬ ಎರಡು ಪದ ಸಾಕಿತ್ತು. ನನ್ನ ಘನತೆ ಅಡ್ಡ ಬಂತು. ಅಷ್ಟರಲ್ಲಿ ಬಾಗಿಲಲ್ಲಿ ಕೆಲಸಕ್ಕೆ ಹೊರಟಿದ್ದ ಅವರ ಮಗಳು ಕಂಡಳು. ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು.

"ನಮ್ಮ ಹುಡುಗನಿಗೆ ಹೆಣ್ಣು ನೋಡ್ತಾ ಇದೀವಮ್ಮ."

ಓದುಗರು ದಯಮಾಡಿ ಗಮನಿಸಬೇಕು. ನನಗೆ ಮಗನಿಲ್ಲ! ಇರುವವಳು ಒಬ್ಬಳೇ ಮಗಳು, ಮದುವೆಯಾಗಿ ಕೆಂಗೇರಿಯಲ್ಲಿದ್ದಾಳೆ.

"ಅಯ್ಯೋ, ಹಂಗಾದ್ರೆ ಹೊರಗ್ಯಾಕೆ ನಿಂತಿದೀರ? ಬನ್ನಿ, ಕಾಫಿ ಕುಡ್ಕೊಂಡು ಹೋಗಿ."

ಕುರ್ಚಿ, ಫ್ಯಾನು, ಕಾಫಿ. ಕುಳಿತ ಕೂಡಲೇ ನೋವು ಮಾಯ. ಹೀಗಾಗಿ ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ಇಲ್ಲದ ಮಗ ಬೆಳೆಯತೊಡಗಿದ. ಮೊದಲು ಡಿಪ್ಲೊಮಾ ಮುಗಿಸಿದ. ಆಮೇಲೆ ಸ್ವಂತ ವರ್ಕ್‌ಶಾಪ್ ಇಟ್ಟ. ವಾರ ಕಳೆಯುವುದರೊಳಗೆ ರಾಜರಾಜೇಶ್ವರಿನಗರದಲ್ಲಿ ಸೈಟು ಕೊಂಡ. ಇಂಥ ಮಗನನ್ನು ಪಡೆದದ್ದಕ್ಕೆ ನನಗೇ ಕಣ್ಣು ತುಂಬಿ ಬಂತು.

ಜಯಮ್ಮನವರ ಮಗಳು ಆಶಾ ಮಾತ್ರ ಹುಡುಗನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಅಂಕಲ್, ಶುಗರ್ ಇದೆಯಾ? ಸಿಗರೇಟ್ ಸೇದ್ತೀರಾ? ಆ ಕಾಲ್ಬೆರಳಿನ ಗಾಯ ಯಾವಾಗಿಂದ ಇದೆ?" ಎಂದು ನನ್ನನ್ನೇ ವಿಚಾರಿಸಿದಳು. ಮಾವನಾಗುವವನ ಆರೋಗ್ಯದ ಮೇಲೆ ಎಂಥ ಕಾಳಜಿ, ಎಂಥ ಸಂಸ್ಕಾರ ಎಂದುಕೊಂಡೆ.

ಮರುದಿನ ಜಯಮ್ಮ ಅಂಟಿಸಿದ ಕವರೊಂದನ್ನು ಕೈಗಿತ್ತರು.

"ಆಶಾ ಎಲ್ಲಾ ಬರ್ದಿದ್ದಾಳೆ. ನಿಮ್ಮನೆಯವರಿಗೆ ತೋರ್ಸಿ. ತಡ ಮಾಡ್ಬೇಡಿ ಸಾರ್."

ಜಾತಕ! ನಿಂತಲ್ಲೇ ಬೆವತುಹೋದೆ. ಕವರನ್ನು ಬೀರುವಿನಲ್ಲಿ ಪಂಚೆಗಳ ಕೆಳಗೆ ಬಚ್ಚಿಟ್ಟೆ. ಆ ರಸ್ತೆಯನ್ನೇ ಬಿಟ್ಟು ಸುತ್ತು ದಾರಿ ಹಿಡಿದೆ. ಮೂರು ವಾರ ಕಳೆಯಿತು. ಬೆರಳಿನ ಗಾಯ ವಾಸಿಯಾಗುವ ಬದಲು ಕಪ್ಪಗಾಯಿತು. ಅದಕ್ಕೂ ನನ್ನಲ್ಲಿ ಮದ್ದಿತ್ತು, ಸಾಕ್ಸ್ ಹಾಕಿಕೊಂಡೆ.

ಒಂದು ಭಾನುವಾರ ನನ್ನ ಹೆಂಡತಿ ಲಲಿತಾ ಬೀರು ಓರಣ ಮಾಡಲು ಹೊರಟಳು.

"ಏನ್ರೀ ಇದು ಕವರು?"

"ಜಾತಕ ಕಣೇ."

"ಯಾರ್ದು?"

"ಒಂದು ಹುಡುಗೀದು. ಅವರ ಮನೆಗೆ ದಿನಾ ಕಾಫಿಗೆ ಹೋಗ್ತಿದ್ದೆ."

ಲಲಿತಾ ಮಂಚದ ಮೇಲೆ ಕುಳಿತಳು. "ನಮಗೆ ಗಂಡುಮಕ್ಕಳಿಲ್ಲ. ಹುಡುಗ ಯಾರು? ನೀವಾ?"

ಕೊನೆಗೆ ಸಾಕ್ಸ್ ಬಿಚ್ಚಿ ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಬೆರಳನ್ನು ನೋಡಿದಳು, ಕವರನ್ನು ಹರಿದಳು. ಒಳಗೆ ರಾಹುವೂ ಇರಲಿಲ್ಲ, ಕೇತುವೂ ಇರಲಿಲ್ಲ. ಒಂದು ಚೀಟಿಯಿತ್ತು. 'ಆಂಟಿ, ಅಂಕಲ್ ದಿನಾ ನಮ್ಮ ಗೇಟ್ ಹತ್ರ ನಿಂತು ಮೀನಖಂಡ ಉಜ್ಜಿಕೊಳ್ತಾರೆ. ಕಾಲಿನ ರಕ್ತನಾಳ ಕಟ್ಟಿಕೊಂಡಿರಬಹುದು. ನಾನು ನರ್ಸ್ ಆಗಿರೋ ಆಸ್ಪತ್ರೆಯ ಡಾಕ್ಟರ ಹೆಸರು ಕೆಳಗಿದೆ. ಬೇಗ ಕರ್ಕೊಂಡು ಬನ್ನಿ.' ಲಲಿತಾ ಅದನ್ನು ಎರಡು ಸಲ ಓದಿದಳು. ಬೈಯಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗಲೇ.

ಡಾಕ್ಟರು ನನ್ನ ಪಾದದಲ್ಲಿ ನಾಡಿ ಹುಡುಕಿದರು. ಸಿಗಲಿಲ್ಲ. ಸ್ಕ್ಯಾನ್ ಮಾಡಿಸಿದರೆ ಎಡತೊಡೆಯ ರಕ್ತನಾಳ ಮುಚ್ಚಿಹೋಗಿತ್ತು.

"ಇನ್ನೂ ತಡ ಮಾಡಿದ್ರೆ ಪಾದಾನೇ ತೆಗೀಬೇಕಾಗ್ತಿತ್ತು ಸಾರ್. ಈಗ ದೊಡ್ಡ ಆಪರೇಷನ್ ಬೇಡ. ಸಣ್ಣ ತೂತು ಮಾಡಿ, ತಂತಿ ತೂರಿಸಿ, ಬಲೂನಲ್ಲಿ ದಾರಿ ಬಿಡಿಸ್ತೀವಿ. ಸಿಗರೇಟ್ ಎಷ್ಟು ಸೇದ್ತೀರ?"

"ಒಂದೋ ಎರಡೋ."

"ಆರು," ಎಂದಳು ಲಲಿತಾ.

ಟೇಬಲ್ಲಿನ ಮೇಲೆ ನಾನು ಪೂರ್ತಿ ಎಚ್ಚರವಾಗಿದ್ದೆ. ಮರಗಟ್ಟಿಸುವ ಇಂಜೆಕ್ಷನ್ ಬಲತೊಡೆಯ ಸಂದಿಗೆ ಬಿತ್ತು. ನಾನು ಚೀರಿದೆ.

"ಡಾಕ್ಟ್ರೇ, ರಾಂಗ್ ಸೈಡ್! ಎಡಗಾಲು, ಎಡಗಾಲು!"

"ಗೊತ್ತು ಸಾರ್. ಬಲಗಡೆಯಿಂದ ಮೇಲೆ ಹೋಗಿ, ಯೂ ಟರ್ನ್ ತಗೊಂಡು, ಎಡಗಡೆ ಇಳೀತೀವಿ. ಮೈಸೂರು ರೋಡಲ್ಲಿ ದಿನಾ ಮಾಡಲ್ವಾ?"

ಮಾಸ್ಕಿನ ಹಿಂದಿನಿಂದ ಪರಿಚಿತ ದನಿಯೊಂದು ಬಂತು. "ಅಲ್ಲಾಡ್ಬೇಡಿ ಅಂಕಲ್. ನಿಮ್ಮ ಮಗನ ಸೈಟ್ ರಿಜಿಸ್ಟರ್ ಆಯ್ತಾ?"

ಆಶಾ! ಹೆಣ್ಣು ನೋಡಲು ಬಂದವನನ್ನು, ಹಿಂದೆ ಗಂಟು ಹಾಕುವ ಆಸ್ಪತ್ರೆಯ ಅಂಗಿಯಲ್ಲಿ, ಹೆಣ್ಣೇ ನೋಡುತ್ತಿದ್ದಳು. ಓಡಿಹೋಗೋಣವೆಂದರೆ ತೊಡೆಯಲ್ಲಿ ತಂತಿ!

ಆಮೇಲೆ ಗಂಟೆಗಟ್ಟಲೆ ಕಾಲು ಮಡಚದೆ ಅಂಗಾತ ಮಲಗಿರಬೇಕಿತ್ತು. ಲಲಿತಾ ಬಂದು ನನ್ನ ಎಡಪಾದ ಮುಟ್ಟಿದಳು. "ಬೆಚ್ಚಗಿದೆ ಕಣ್ರೀ," ಎಂದವಳೇ ಅತ್ತುಬಿಟ್ಟಳು. ನನಗೂ ಅಳು ಬಂತು. ತಪ್ಪಾಯಿತು ಎಂದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಮದ್ವೆಯಾದಾಗಿನಿಂದ ಎಲ್ಲಿಗೆ ಹೋದ್ರೂ ನನಗಿಂತ ಹತ್ತು ಹೆಜ್ಜೆ ಮುಂದೆ ಓಡ್ತಿದ್ರಿ. ಈಚೆಗೆ ನನ್ನ ಪಕ್ಕದಲ್ಲೇ ನಿಧಾನಕ್ಕೆ ನಡೀತಿದ್ರಲ್ಲ, ಈ ವಯಸ್ಸಲ್ಲಾದ್ರೂ ಪ್ರೀತಿ ಬಂತು ಅಂದ್ಕೊಂಡಿದ್ದೆ. ರಕ್ತನಾಳ ಕಟ್ಕೊಂಡಿತ್ತು, ಅಷ್ಟೇನಾ?"



ಗಾಯ ಮಾಗಿತು. ಸಿಗರೇಟು ಬಿಟ್ಟೆ. ಜಯಮ್ಮನವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ಕಾಫಿ ಕೊಟ್ಟರು, ಈ ಸಲ ಸಕ್ಕರೆ ಹಾಕದೆ.

ಮೊನ್ನೆ ಲಲಿತಾಳೊಂದಿಗೆ ವಿಜಯನಗರದ ಮಾರ್ಕೆಟ್ಟಿಗೆ ಹೊರಟೆ. ಎಡಗಾಲು ಮುಂದೆ ಓಡಲು ತವಕಿಸುತ್ತಿತ್ತು. ಅದನ್ನು ತಡೆದು, ಹೆಜ್ಜೆ ಗಿಡ್ಡ ಮಾಡಿ, ಬೇಕೆಂದೇ ಅವಳ ಪಕ್ಕದಲ್ಲೇ ನಡೆದೆ. ನೂರು ಹೆಜ್ಜೆಯಾಯಿತು, ಇನ್ನೂರಾಯಿತು. ಈಗಲಾದರೂ ಅರ್ಥವಾಯಿತೇ ಎಂದು ಓರೆಗಣ್ಣಿನಿಂದ ಅವಳ ಮುಖ ನೋಡಿದೆ. ಲಲಿತಾ ಗಾಬರಿಯಿಂದ ನಿಂತುಬಿಟ್ಟಳು. ಬ್ಯಾಗಿಗೆ ಕೈ ಹಾಕಿ ಫೋನು ತೆಗೆದಳು.

"ಯಾಕ್ರೀ ಇಷ್ಟು ನಿಧಾನ? ಮತ್ತೆ ಕಟ್ಕೊಂತಾ? ಇರಿ, ಡಾಕ್ಟ್ರಿಗೆ ಫೋನ್ ಮಾಡ್ತೀನಿ!"